ರಂಗದ ಮೇಲೆ ಬಿದ್ದ ರೊಟ್ಟಿ

ಅಪ್ಪಾ, ನೀನು ಮಣ್ಣು ಸೇರಿ ಆರು ವರ್ಷವಾದ ಮೇಲೆ ನಿನ್ನೆ ನಿನ್ನನ್ನು ರೀಗಾ ನಗರದ ರಂಗದ ಮೇಲೆ ಹತ್ತಿಸಿದೆ. ನನ್ನ ನಾಟಕದಲ್ಲಿ ನಿನ್ನ ಪಾತ್ರದವನು ಕೂಲಿಯಾಳಿನ ಮುಖಕ್ಕೆ ರೈ ಧಾನ್ಯದ ಕಪ್ಪು ರೊಟ್ಟಿ ಎಸೆದ, ನೀನು ಅಂದು ಎಸೆದ ಹಾಗೆಯೇ. ಮುಂದಿನ ಸಾಲಿನ ಮುದುಕಿಯೊಬ್ಬಳು ತಡೆಯಲಾರದೆ ರಂಗ ಹತ್ತಿ, ನೆಲಕ್ಕೆ ಬಿದ್ದ ರೊಟ್ಟಿಗೆ ನಮ್ಮ ಕಡೆ ಮಾಡುವಂತೆ, ಅದನ್ನು ಎತ್ತಿ ಮುತ್ತಿಟ್ಟಳು.

"ರೊಟ್ಟೀನ ನೆಲಕ್ಕೆ ಹಾಕ್ತೀಯೇನೋ, ಪಾಪಿ!" ಎಂದು ನಟನನ್ನು ಬೈದಳು.

ಆಟ ಮುಗಿದ ಮೇಲೆ ಇಂದ್ರಿಕಿಸ್ ಚಿಕ್ಕಪ್ಪ ಬಂದ.

"ಸತ್ತೋನ ಮಾನ ಯಾಕೋ ಕಳೀತೀಯ? ಆ ದೃಶ್ಯ ತೆಗೆದುಹಾಕು."

"ತೆಗೆಯಲ್ಲ. ನಡೆದದ್ದನ್ನೇ ಬರ್ದಿದೀನಿ."

ತೆಗೆಯುವುದಿಲ್ಲ, ಅಪ್ಪಾ. ನಾಳೆಯೂ ನೀನು ಎಸೆಯುತ್ತೀಯ.

ನಿಜವಾಗಿ ರೊಟ್ಟಿ ಎಸೆದ ಆ ದಿನ, ಎಲ್ಲರೂ ಹೋದ ಮೇಲೆ ನೀನು ಬಗ್ಗಿ, ಅದೇ ರೊಟ್ಟಿಯನ್ನು ಎತ್ತಿ ಮುತ್ತಿಟ್ಟಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಅದನ್ನು ಮಾತ್ರ ನಾನು ಬರೆಯಲಿಲ್ಲ.