ಬೋರವ್ವನ ಮುಚ್ಚಳ

ಚಾಮುಂಡಿಪುರಂ, ಮೈಸೂರು
ಬುಧವಾರ, 3-12-1958

ಕಟ್ಟೆಹುಂಡಿ ಊರ ಚರಿತ್ರೆ ಸಂಘದ ಕಾರ್ಯದರ್ಶಿಗಳೂ, ಅಲ್ಲಿನ ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರೂ, ಇವೆರಡರ ನಡುವೆ ಬಿಡುವಾದಾಗ ನನ್ನ ಯಜಮಾನರೂ ಆದ ನಿಮಗೆ ಸಿದ್ದಲಿಂಗಮ್ಮ ಮಾಡುವ ಶರಣಾರ್ಥಿಗಳು.

ನೀವು ಕಳಿಸಿದ ಕಟ್ಟು ಸೋಮವಾರ ಕೈಸೇರಿತು. ಒಳಗೆ ಸಂಘದ ಪುಸ್ತಕದ ಅಚ್ಚಿನ ಕರಡು, ಹನ್ನೆರಡು ಹಾಳೆ. ಮೇಲೊಂದು ಚೀಟಿ: ಕರಡು ನೋಡುವುದು, ಬರುವ ಸೋಮವಾರದೊಳಗೆ ಪ್ರೆಸ್ಸಿಗೆ ಮುಟ್ಟಿಸುವುದು, ಇಲ್ಲಿ ಎಲ್ಲರೂ ಕ್ಷೇಮ. ಏಳು ತಿಂಗಳಾದ ಮೇಲೆ ಗಂಡ ಹೆಂಡತಿಗೆ ಬರೆದ ಕಾಗದ ಇದು ಎಂದು ನನ್ನ ತಂಗಿ ಚಂದ್ರಮತಿ ಬಿದ್ದು ಬಿದ್ದು ನಕ್ಕಳು. ಎಲ್ಲರೂ ಎಂದರೆ ಯಾರು? ಮನೆಯಲ್ಲಿರುವುದು ನೀವು ಮತ್ತು ಹಸು. ಹಸು ಕ್ಷೇಮವಾಗಿದೆ ಎಂದು ತಿಳಿದು ಸಂತೋಷವಾಯಿತು.

ನಾನು ಇಲ್ಲಿಗೆ ಬಂದದ್ದು ಇವಳ ಬಾಣಂತನಕ್ಕೆ ಎಂದು ಊರಿಗೆಲ್ಲ ಹೇಳಿದ್ದೀರಿ. ಬಾಣಂತನ ಮುಗಿದು ಯಾವ ಕಾಲವಾಯಿತು. ಮಗುವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಚಂದ್ರಮತಿಯ ಗಂಡ ಸಂಕೋಚದ ಮನುಷ್ಯ, ಯಾವಾಗ ಹೊರಡುತ್ತೀರಿ ಅತ್ತಿಗೆ ಎಂದು ಕೇಳುವುದಿಲ್ಲ, ನಿಮ್ಮೂರ ಕಡೆಗೆ ಇಲವಾಲದ ಬಸ್ಸು ಈಗ ದಿನಕ್ಕೆ ಮೂರು ಸಲ ಬಿಡುತ್ತಾರಂತೆ ಎನ್ನುತ್ತಾನೆ. ನಾನು ಯಾಕೆ ಹೊರಡಲಿಲ್ಲ ಎಂಬುದು ನಿಮಗೆ ಗೊತ್ತು. ಅರ್ಧ ಮಾತ್ರ ಗೊತ್ತು. ಉಳಿದರ್ಧ ಹೇಳಲು ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಮೇಲಿನ ಸಿಟ್ಟಿಗೆ ಸಂಘವನ್ನು ಬಯ್ಯಲಾರೆ. ಶಾಲೆಯ ಜಗಲಿಯ ಮೇಲೆ ಭಾನುವಾರದ ಮಧ್ಯಾಹ್ನ ನಡೆಯುತ್ತಿದ್ದ ಆ ಮಾತುಕತೆಗಳು ನನಗೂ ಹಬ್ಬವೇ ಆಗಿದ್ದವು. ಹೊಲಗಳ ಹೆಸರಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರೆ ಜವರಯ್ಯ ಎರಡು ಗಂಟೆ ಹಿಡಿದದ್ದು ನೆನಪಿದೆಯೇ? ‘ಕುದ್ರೆ ಹೊಲ’ದಲ್ಲಿ ಯಾರ ಕುದುರೆ ಕಟ್ಟಿದ್ದರು ಎಂಬಲ್ಲಿಗೆ ಬಂದಾಗ ಇಡೀ ಊರು ಎರಡು ಪಕ್ಷವಾಗಿ, ಸಭೆ ಮುಗಿಸಲು ನೀವು ಶಾಲೆಯ ಗಂಟೆ ಬಾರಿಸಬೇಕಾಯಿತು. ಹೆಂಗಸರು ಸದಸ್ಯರಲ್ಲವಾದ್ದರಿಂದ ನಾನು ಬಾಗಿಲ ಒಳಗೆ ಕೂತು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ಎಲ್ಲ ಕೇಳುತ್ತಿದ್ದೆ. ಆದರೆ ಸಭೆಗಿಂತ ನನಗೆ ಹೆಚ್ಚು ಇಷ್ಟವಾಗಿದ್ದದ್ದು ಅದಾದ ಮೇಲಿನ ಸಂಜೆಯ ಹೊತ್ತು. ನೀವು ಹುಡುಗರ ಕಾಪಿ ಪುಸ್ತಕ ತಿದ್ದುತ್ತಾ ಕೂರುತ್ತಿದ್ದಿರಿ. ತಪ್ಪೋ ಸರಿಯೋ ನಿಮಗೇ ಅನುಮಾನ ಬಂದರೆ ಅಕ್ಷರದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಮಾತಿಲ್ಲದೆ ಪುಸ್ತಕವನ್ನು ನನ್ನ ಕಡೆ ತಳ್ಳುತ್ತಿದ್ದಿರಿ. ನಾನು ನೋಡಿ ಹೇಳುತ್ತಿದ್ದೆ. ಲೋಯರ್ ಸೆಕೆಂಡರಿ ಓದಿದ ಹೆಂಡತಿಯನ್ನು ಕೇಳುವುದಕ್ಕೆ ಆಗ ನಿಮಗೆ ನಾಚಿಕೆಯಿರಲಿಲ್ಲ.

ಹೋದ ಮಾರ್ಚಿಯಲ್ಲಿ ಕಟ್ಟೆಯ ನೀರು ಇಳಿದು ತೂಬಿನ ಪಕ್ಕದ ಕಲ್ಲು ಕಾಣಿಸಿಕೊಂಡಿತಲ್ಲ, ಅಂದು ನಿಮ್ಮ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಸಂಭ್ರಮ ಕಾಣಲಿಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರಗಳ ಅಚ್ಚು ತೆಗೆದೆವು. ತಟ್ಟಿದವಳು ನಾನು. ಕಾಗದ ಒಣಗಿದ ಮೇಲೆ ನೀವೊಂದು ತುದಿ, ನಾನೊಂದು ತುದಿ ಹಿಡಿದು ಬಿಡಿಸಿದೆವು. ‘ಬೋರ’ ಸ್ಪಷ್ಟವಾಗಿತ್ತು, ‘ಕಟ್ಟಿಸಿದ ಕಟ್ಟೆ’ ಸ್ಪಷ್ಟವಾಗಿತ್ತು. ನಡುವಿನ ಒಂದು ಅಕ್ಷರ ಮಾತ್ರ ತಕರಾರಿನದು. ಅದರ ಕೆಳಗಿನ ಒತ್ತು ನೀರಿಗೆ ಸವೆದುಹೋಗಿತ್ತು. ಪ ಆದರೆ ಬೋರಪ್ಪ, ವ ಆದರೆ ಬೋರವ್ವ.

ಒಂದನೇ ತರಗತಿಯ ಮಕ್ಕಳಿಗೆ ನೀವು ಹೇಗೆ ಹೇಳಿಕೊಡುತ್ತೀರಿ? ಪ ಎಂದರೆ ಬಾಯಿ ತೆರೆದ ಗಡಿಗೆ, ವ ಎಂದರೆ ಮುಚ್ಚಳ ಹಾಕಿದ ಗಡಿಗೆ. ಕಲ್ಲಿನಲ್ಲಿ ಆ ಅಕ್ಷರದ ಮೇಲೆ ಒಂದು ಗೆರೆ ಇತ್ತು. ದನ ಕಾಯುವವರು ಕುಡುಗೋಲು ಮಸೆದ ಗೆರೆ ಎಂದಿರಿ. ಜೇಬಿನಿಂದ ಸೀಮೆಸುಣ್ಣ ತೆಗೆದು, ಎಲ್ಲರಿಗೂ ಕಾಣಲಿ ಎಂದು ಅಕ್ಷರಗಳಿಗೆಲ್ಲ ಬಿಳಿ ತುಂಬಿದಿರಿ, ಆ ಗೆರೆಯೊಂದನ್ನು ಬಿಟ್ಟು. ಇಪ್ಪತ್ತು ವರ್ಷ ಸ್ಲೇಟು ತಿದ್ದಿದ ಕೈ, ಕಲ್ಲನ್ನೂ ತಿದ್ದಿತು. ಹೆಂಗಸೊಬ್ಬಳು ಕಟ್ಟೆ ಕಟ್ಟಿಸುವುದುಂಟೇ ಎಂಬುದು ನಿಮ್ಮ ಮನಸ್ಸಿನಲ್ಲಿ ಮೊದಲೇ ಇತ್ತು. ಮರುದಿನ ಬಂದು ನೋಡಿದವರಿಗೆಲ್ಲ ಕಂಡದ್ದು ಬೋರಪ್ಪ. ಪಟೇಲ ಪುಟ್ಟಸ್ವಾಮಿಯವರಂತೂ ಅದು ತಮ್ಮ ವಂಶದ ಹಿರಿಯರ ಹೆಸರೆಂದು ಅಲ್ಲೇ ಕಲ್ಲಿಗೆ ಕೈಮುಗಿದರು.

ಆ ವಾರದ ಸಭೆಯಲ್ಲಿ ಬೋರಮ್ಮಜ್ಜಿ ಎದ್ದು ನಿಂತದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಜಗಲಿಯ ಕೆಳಗೆ, ಸೆರಗು ಹೊದ್ದು, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿಕೊಂಡು ಹೇಳಿದರು: “ಅದು ನಮ್ ಮುತ್ತಜ್ಜಿ ಕಟ್ಸಿದ್ ಕಣ್ರಪ್ಪ. ಅವಳ ಹೆಸ್ರನ್ನೇ ನಂಗೂ ಇಟ್ಟಿರೋದು. ಅದಕ್ಕೇ ಕಟ್ಟೆ ತುಂಬ್ದಾಗ ಮೊದಲ್ನೆ ಕೊಡ ನಮ್ದು.” ಜಗಲಿಯ ಮೇಲಿದ್ದವರು ನಕ್ಕರು. ನೀವು ನಗಲಿಲ್ಲ, ನಿಜ. ಆದರೆ ಬಾಯಿಮಾತು ದಾಖಲೆಯಲ್ಲ ಅಜ್ಜಿ, ಕಲ್ಲು ದಾಖಲೆ ಎಂದಿರಿ. ಅವರು ಕಲ್ಲನ್ನು ಓದಲಾರರು ಎಂದು ಗೊತ್ತಿದ್ದೂ ಹಾಗೆಂದಿರಿ.

ಅಂದು ಸಂಜೆ ನಾನು ಆ ಗೆರೆಯ ಮಾತೆತ್ತಿದೆ. ಒಗ್ಗರಣೆ ಹಾಕುವವರಿಗೆ ಲಿಪಿಯ ವಿಷಯ ಯಾಕೆ ಎಂದುಬಿಟ್ಟಿರಿ. ಮಾತು ಬಾಯಿಂದ ಜಾರಿದ ಕೂಡಲೇ ನಿಮ್ಮ ಮುಖ ಬಾಡಿತು, ಅದನ್ನೂ ಕಂಡೆ. ಆದರೂ ನೀವು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೇ ಮೊದಲಲ್ಲಿ ಚಂದ್ರಮತಿಗೆ ದಿನ ತುಂಬುತ್ತಾ ಬಂದದ್ದು ಹೊರಡಲು ನನಗೆ ನೆಪವಾಯಿತು.

ಇಷ್ಟು ನಿಮಗೆ ಗೊತ್ತಿರುವ ಅರ್ಧ. ಇನ್ನು ಉಳಿದದ್ದು ಕೇಳಿ.

ಹೋದ ವಾರ ಮಗುವಿಗೆ ಕೆಮ್ಮೆಂದು ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ಔಷಧಿಯ ಸಾಲಿನಲ್ಲಿ ಬೋರಮ್ಮಜ್ಜಿಯ ಮಗಳು ಚೆಲುವಮ್ಮ ನಿಂತಿದ್ದಳು. ಅಜ್ಜಿಗೆ ಪೊರೆ ತೆಗೆದಿದ್ದಾರೆ, ಎರಡು ಕಣ್ಣಿಗೂ ಪಟ್ಟಿ ಕಟ್ಟಿ ಮಲಗಿಸಿದ್ದಾರೆ ಎಂದಳು. ಹೋಗಿ ಮಾತಾಡಿಸಿದೆ. ದನಿ ಕೇಳಿದ್ದೇ ತಡ, “ಮೇಷ್ಟ್ರಮ್ಮ!” ಎಂದು ಕೈ ಹುಡುಕಿ ಹಿಡಿದುಕೊಂಡರು. ನಿಮ್ಮ ಆರೋಗ್ಯ ಕೇಳಿದರು. ನಾನು ಊರಿನ ಸುದ್ದಿ ಕೇಳಿದೆ. ಹೇಳಿದವಳು ಚೆಲುವಮ್ಮ.

ದೀಪಾವಳಿಗೆ ಮುಂಚೆ ಕಟ್ಟೆ ತುಂಬಿ ಕೋಡಿ ಬಿದ್ದ ದಿನ, ಎಂದಿನಂತೆ ಅಜ್ಜಿ ಅರಿಶಿನ ಹಚ್ಚಿದ ಕೊಡ ಹಿಡಿದು ಏರಿಯ ಮೇಲೆ ಹೋದರಂತೆ. ಪಟೇಲರ ಸೊಸೆ ಆಗಲೇ ನೀರಿಗಿಳಿದಿದ್ದಳಂತೆ. ಮೇಷ್ಟ್ರೇ ಕಲ್ಲು ಓದಿ ಹೇಳಿದ್ದಾರೆ, ಕಟ್ಟೆ ನಮ್ಮ ಬೋರಪ್ಪನದು, ಮೊದಲ ಕೊಡವೂ ನಮ್ಮದು ಎಂದರಂತೆ ಆ ಮನೆಯವರು. ಅಜ್ಜಿ ಜಗಳಕ್ಕೆ ನಿಲ್ಲಲಿಲ್ಲ. ಬರಿಗೊಡ ಹೊತ್ತು ಮನೆಗೆ ಬಂದರು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ. ನೀವು ಆ ದಿನ ಶಾಲೆಯಲ್ಲಿದ್ದಿರಿ, ಇದು ನಿಮ್ಮ ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಿದ್ದಿದ್ದರೆ ನಿದ್ದೆ ಮಾಡಿರಲಾರಿರಿ, ಅಷ್ಟು ನಿಮ್ಮನ್ನು ಬಲ್ಲೆ.

ನಾನಂತೂ ನಿದ್ದೆ ಮಾಡಲಿಲ್ಲ. ಯಾಕೆಂದರೆ ನೀವು ಬೇಸಿಗೆಯೆಲ್ಲ ಹುಡುಕಿದ, ಇಲಿ ತಿಂದಿರಬೇಕೆಂದು ಕೈಬಿಟ್ಟ ಆ ಕಾಗದದ ಅಚ್ಚು ಎಲ್ಲೂ ಹೋಗಿಲ್ಲ. ನನ್ನ ಟ್ರಂಕಿನ ಅಡಿಯಲ್ಲಿದೆ, ಸೀರೆಗಳ ಕೆಳಗೆ. ಸುಣ್ಣ ತುಂಬುವ ಮೊದಲು ತೆಗೆದ ಅಚ್ಚು ಅದು. ಅದರಲ್ಲಿ ಮುಚ್ಚಳ ಉಳಿದ ಅಕ್ಷರಗಳಷ್ಟೇ ಉಬ್ಬಿ ನಿಂತಿದೆ. ಕುಡುಗೋಲಿನ ಗೆರೆ ಅಷ್ಟು ಆಳವಾಗಿ, ಅಷ್ಟು ದುಂಡಗೆ ಇರುವುದಿಲ್ಲ. ಕಾಗದ ತಟ್ಟಿದ ನನ್ನ ಕೈಗೆ ಅದು ಮೊದಲ ದಿನವೇ ತಿಳಿದಿತ್ತು.

ಬಚ್ಚಿಟ್ಟದ್ದು ನಿಮ್ಮ ಮರ್ಯಾದೆ ಉಳಿಸಲು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಪುಸ್ತಕ ಅಚ್ಚಾಗಲಿ, ಸಂಕ್ರಾಂತಿಯ ದಿನ ದೊಡ್ಡವರ ಮುಂದೆ ಬಿಡುಗಡೆಯಾಗಲಿ, ಆಮೇಲೆ ಇದನ್ನು ಮುಂದಿಟ್ಟು ನಿಮ್ಮ ಮುಖ ನೋಡಬೇಕು ಎಂಬ ಆಸೆ ನನಗಿತ್ತು. ಒಂದು ಒಗ್ಗರಣೆಯ ಮಾತಿಗೆ ಅಷ್ಟು ವಿಷ ಇಟ್ಟುಕೊಂಡಿದ್ದೆ. ನಮ್ಮಿಬ್ಬರ ಹಟದ ನಡುವೆ ಬರಿಗೊಡ ಹೊತ್ತವರು ಆ ಅಜ್ಜಿ. ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಮರುದಿನ ಅಚ್ಚನ್ನು ಮೊರದ ಮೇಲಿಟ್ಟು, ಬಿಳಿ ಬಟ್ಟೆ ಹೊದಿಸಿ, ಆಸ್ಪತ್ರೆಗೆ ನಡೆದೆ. ದಾರಿಯಲ್ಲಿ ಇಬ್ಬರು ಹೆಂಗಸರು ಹಪ್ಪಳ ಎಷ್ಟಕ್ಕೆ ಎಂದು ಕೇಳಿದರು. ಅಜ್ಜಿಯ ಬೆರಳು ಹಿಡಿದು ಕಾಗದದ ಮೇಲೆ ಆಡಿಸಿದೆ. ಉಬ್ಬಿದ ಮಗ್ಗುಲಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಎಡಬಲ ಆಗಿದ್ದರೂ ಮೇಲಿನದು ಮೇಲೇ ಅಲ್ಲವೇ? ಗಡಿಗೆಯ ಲೆಕ್ಕ ಹೇಳಿಕೊಟ್ಟೆ, ತೆರೆದಿದ್ದರೆ ಅಪ್ಪ, ಮುಚ್ಚಿದ್ದರೆ ಅವ್ವ. ಕಣ್ಣಿಗೆ ಪಟ್ಟಿ, ಒಂದಕ್ಷರ ಬಾರದು. ಬೆರಳು ಅಲ್ಲಿಗೆ ಬಂದು ನಿಂತಿತು, ಮತ್ತೆ ಹೋಗಿ ಮತ್ತೆ ಬಂತು. “ಮುಚ್ಚಳ ಅದೆ ಕಣವ್ವ,” ಎಂದರು. ಆಮೇಲೆ ಬಹಳ ಹೊತ್ತು ಕೈ ತೆಗೆಯಲಿಲ್ಲ.

ನನಗೆ ಅಳು ಬಂತು. ಅಜ್ಜಿಗೆ ಬರಲಿಲ್ಲ, ಪಟ್ಟಿ ಒದ್ದೆಯಾಗಬಾರದೆಂದು ಡಾಕ್ಟರು ಹೇಳಿದ್ದರಂತೆ. ಹೊರಡುವಾಗ ಹೇಳಿದರು: “ಮೇಷ್ಟ್ರಿಗೆ ಯೋಳ್ಬ್ಯಾಡ ಕಣವ್ವ, ನೊಂದ್ಕತ್ತಾರೆ. ನನ್ ಮೊಮ್ಮಗಳ್ಗೆ ಅಕ್ಸರ ಕಲ್ಸಿರೋ ಮನುಸ್ಯ. ನಂಗೊತ್ತಾಯ್ತಲ್ಲ, ಸಾಕು ಬುಡು.”

ಅವರಿಗೆ ಸಾಕಿರಬಹುದು, ನನಗೆ ಸಾಲದು. ಅದಕ್ಕೇ ಅವರ ಮಾತು ಮೀರಿ ಹೇಳುತ್ತಿದ್ದೇನೆ. ಕರಡಿನ ಮೊದಲ ಎರಡು ಹಾಳೆ ನೋಡಿ ಮುಗಿಸಿದ್ದೇನೆ, ಕಡೆಯ ಒಂಬತ್ತನ್ನೂ. ಬೋರಪ್ಪನ ಸಂಗತಿಯಿರುವ ಮೂರನೆಯ ಹಾಳೆಯನ್ನು ಮಾತ್ರ ನೋಡಲು ಮನಸ್ಸಾಗದೆ ಬೋರಲು ಹಾಕಿಟ್ಟಿದ್ದೇನೆ. ನಾನೇ ತಿದ್ದಿ ಪ್ರೆಸ್ಸಿಗೆ ಕೊಟ್ಟರೆ ಕಳ್ಳತನವಾಗುತ್ತದೆ, ತಿದ್ದದೆ ಕೊಟ್ಟರೆ ಅದಕ್ಕಿಂತ ದೊಡ್ಡ ಕಳ್ಳತನ. ನೀವು ಹೇಳಬೇಕು. ಪುಸ್ತಕದಲ್ಲಿ ತಿದ್ದಿದರೆ ಸಾಲದು, ಜಗಲಿಯ ಮೇಲೆ ನಿಂತು, ಪಟೇಲರ ಮುಂದೆ, ಓದಿದ್ದು ತಪ್ಪಾಯಿತು ಎನ್ನಬೇಕು. ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಿಮ್ಮ ಪಕ್ಕದಲ್ಲಿ ನಿಂತು ಅಚ್ಚು ಬಚ್ಚಿಟ್ಟವಳು ನಾನು ಎಂದು ನಾನೂ ಹೇಳುತ್ತೇನೆ. ಸದಸ್ಯಳಲ್ಲದವಳಿಗೆ ಮಾತಾಡಲು ನಿಯಮವಿದೆಯೋ ಇಲ್ಲವೋ ಕಾರ್ಯದರ್ಶಿಗಳು ನೋಡಿಕೊಳ್ಳಲಿ.

ಶನಿವಾರದ ಟಪಾಲಿನವರೆಗೆ ಉತ್ತರಕ್ಕೆ ಕಾಯುತ್ತೇನೆ. ಹಸುವಿಗೆ ಸಂಜೆ ಬೂಸಾ ಕಲಸುವಾಗ ನೀರು ಹೆಚ್ಚು ಹಾಕಬೇಡಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಸಿಟ್ಟು ಅರ್ಧ ಇಳಿದಿರುವ ನಿಮ್ಮ
ಸಿದ್ದಲಿಂಗಮ್ಮ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮೊದಲು ಧೈರ್ಯ ಮಾಡಿ ಮೂರನೆಯ ಹಾಳೆ ಮಗುಚಿ ನೋಡಿದೆ. ‘ಬೋರಪ್ಪ’ ಎಂಬಲ್ಲಿ, ಪ ಅಕ್ಷರಕ್ಕೆ ಸರಿಯಾಗಿ ಮೇಲೆ, ಪೆನ್ಸಿಲಿನ ಒಂದು ಸಣ್ಣ ಚುಕ್ಕೆ. ಇದನ್ನು ಕೇಳುವುದಕ್ಕೇ ಹನ್ನೆರಡು ಹಾಳೆಯ ಕಟ್ಟನ್ನು ಇಷ್ಟು ದೂರ ನನ್ನ ಕಡೆ ತಳ್ಳಿದಿರಾ? ಚುಕ್ಕೆಯ ಮೇಲೆ ಕೆಂಪು ಶಾಯಿಯಲ್ಲಿ ಮುಚ್ಚಳ ಹಾಕಿದ್ದೇನೆ. ಉತ್ತರ ಬರೆಯಬೇಡಿ. ಶನಿವಾರ ಕರಡು ಪ್ರೆಸ್ಸಿಗೆ ಕೊಟ್ಟು, ಭಾನುವಾರ ಬೆಳಗಿನ ಬಸ್ಸಿಗೆ ಇಲವಾಲದಲ್ಲಿ ಇಳಿಯುತ್ತೇನೆ, ಬನ್ನಿ. ಟ್ರಂಕನ್ನು ತಲೆಯ ಮೇಲೆ ಹೊರುವ ಹಾಗಿಲ್ಲ, ಓರೆಯಾದರೆ ಅಚ್ಚು ಹಾಳಾಗುತ್ತದೆ. ಎರಡು ಕಡೆ ಹಿಡಿ ಇದೆ, ಒಂದನ್ನು ನೀವು ಹಿಡಿಯಿರಿ.