ಅವಲಂಬಿತರ ಕಾಲಂ

ಮಹಡಿ ಮನೆ,
ಮಾರ್ಚ್ 3, ಮಂಗಳವಾರ

ಪ್ರೀತಿಯ ಅತ್ತೆಗೆ,

ಮಂಡಿ ನೋವು ಹೇಗಿದೆ? ಹೊಸ ಮಾತ್ರೆ ಊಟವಾದ ಮೇಲೆ ನುಂಗುತ್ತಿದ್ದೀರೋ, ಎಂದಿನಂತೆ ನೆನಪಾದಾಗಲೋ? ಗುಬ್ಬಿಗೆ ಏಳು ತುಂಬಿತು, ಮುಂದಿನ ಎರಡು ಹಲ್ಲು ಬಿದ್ದಿವೆ. ಮಾತಿನ ಟೀಚರ್ ಹತ್ತಿರ ವಾರಕ್ಕೆ ಎರಡು ಸಲ ಹೋಗುತ್ತಿರುವುದರಿಂದ ತೊದಲು ಕಡಿಮೆಯಾಗಿದೆ. ಮೊನ್ನೆ ಅಂಗಡಿಯವನಿಗೆ "ಚಿಲ್ಲರೆ ಕಮ್ಮಿ ಕೊಟ್ಟಿದ್ದೀರ" ಎಂದು ಒಂದೇ ಉಸಿರಿಗೆ ಹೇಳಿದಳು. ನಿಮ್ಮ ಮೊಮ್ಮಗಳಲ್ಲವೇ, ಸರಾಗವಾಗಿ ಬಂದ ಮೊದಲ ಮಾತೇ ಜಗಳದ್ದು. ನಾನು ಬೀದಿಯಲ್ಲೇ ಅತ್ತುಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗ ಗುಬ್ಬಿಗೆ ಕೊಡುವ ಜೀವನಾಂಶ ಅರ್ಧಕ್ಕೆ ಇಳಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದಾರೆ. (ಮೊದಲು 'ಇವರು' ಎನ್ನುತ್ತಿದ್ದೆ, ಈಗ 'ನಿಮ್ಮ ಮಗ'. ಡೈವೋರ್ಸಿನಲ್ಲಿ ನನಗೆ ಸಿಕ್ಕ ಸ್ವಾತಂತ್ರ್ಯ ಅಷ್ಟೇ!) ವಕೀಲೆ ಲೆಕ್ಕ ಬಿಡಿಸಿ ಹೇಳಿದರು. ಇಬ್ಬರ ಆದಾಯ ಕೂಡಿಸಬೇಕು, ಅದರಲ್ಲಿ ಯಾರದು ಎಷ್ಟು ಪಾಲೋ ಮಗುವಿನ ಖರ್ಚಿನಲ್ಲೂ ಅವರದು ಅಷ್ಟೇ ಪಾಲು. ವಯಸ್ಸಾದ ತಂದೆತಾಯಿಯನ್ನು ಸಾಕುತ್ತಿದ್ದರೆ ಆ ಖರ್ಚನ್ನು ಮೊದಲೇ ಕಳೆಯುತ್ತಾರೆ. ಒಮ್ಮೆ ಗೊತ್ತುಮಾಡಿದ್ದು ಶಿಲಾಶಾಸನವೇನಲ್ಲ; ಸಂಬಳ ಇಳಿದರೆ, ಹೊಸ ಹೊಣೆ ಬಿದ್ದರೆ ಬದಲಿಸಿ ಎಂದು ಕೇಳಬಹುದು. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಲ್ಲಿಸಿರುವುದು ನಿಜ. ಅಷ್ಟು ಇಳಿಸಲಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ 'ಅವಲಂಬಿತರು' ಎಂಬ ಕಾಲಂನಲ್ಲಿ ನಿಮ್ಮ ಹೆಸರು ಬರೆದಿದ್ದಾರೆ. ನಿಮ್ಮ ಔಷಧಿ, ನೋಡಿಕೊಳ್ಳುವ ಹೆಂಗಸಿನ ಸಂಬಳ, ಎಲ್ಲ ಅವರೇ ಕೊಡುತ್ತಿದ್ದಾರಂತೆ.

ಓದಿ ನಗು ಬಂತು, ಅತ್ತೆ. ಎರಡು ವರ್ಷದಿಂದ ಆ ದುಡ್ಡನ್ನು ಯಾರು ಕಳಿಸುತ್ತಿದ್ದಾರೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. "ಪಿಂಚಣಿಯಲ್ಲೇ ನಡೆಯುತ್ತೆ ಅಂತ ಅವನಿಗೆ ಹೇಳಿದ್ದೀನಿ, ನೀನು ಬಾಯಿ ಬಿಡಬೇಡ" ಎಂದು ನನ್ನಿಂದ ಭಾಷೆ ತೆಗೆದುಕೊಂಡವರು ನೀವು. ಮಗ ಚಿಕ್ಕವನಾಗಬಾರದು ಎಂದು ನಿಮ್ಮ ಆಸೆ. ನಾನೂ ಒಪ್ಪಿದೆ. ಬಾಣಂತನದಲ್ಲಿ ನನ್ನನ್ನು ಮಗುವಿನಂತೆ ನೋಡಿಕೊಂಡ ಕೈ ನಿಮ್ಮದು.

ನಗು ನಿಂತದ್ದು ಕೊನೆಯ ಹಾಳೆಯಲ್ಲಿ. "ನನ್ನ ಮಗನೇ ನನ್ನನ್ನು ಸಾಕುತ್ತಿದ್ದಾನೆ" ಎಂಬ ಹೇಳಿಕೆಯ ಕೆಳಗೆ ನಿಮ್ಮ ಸಹಿ ಇತ್ತು. ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ, ಸುಳ್ಳೇಕೆ ಹೇಳಲಿ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಾ ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡೆ. ಮೂರನೇ ದಿನ ಸಹಿಯ ಪಕ್ಕದ ತಾರೀಕು ನೋಡಿದೆ. ಜನವರಿ ಇಪ್ಪತ್ತೊಂದು. ಆ ವಾರ ಮುರಿದ ಕಡ್ಡಿ ಬದಲಿಸಲೆಂದು ನೀವು ಕಳಿಸಿದ್ದ ಕನ್ನಡಕ ನನ್ನ ಮೇಜಿನ ಮೇಲಿತ್ತು. ಅದಿಲ್ಲದೆ ನಿಮಗೆ ಗೋಡೆಯ ಕ್ಯಾಲೆಂಡರೂ ಕಾಣುವುದಿಲ್ಲ. "ಇಲ್ಲೊಂದು ಸಹಿ ಹಾಕಮ್ಮ, ಬ್ಯಾಂಕಿನ ಕಾಗದ" ಎಂದಿರಬೇಕು ನಿಮ್ಮ ಮಗ. ನಾನು ಹಾಗೆಂದೇ ನಂಬಿದ್ದೇನೆ. ಓದಿಸಿಕೊಂಡು ಹಾಕಿದಿರಾ ಎಂದು ಕೇಳಲು ನನಗೆ ಧೈರ್ಯವಿಲ್ಲ.

ಬೆಳಗಿನ ಚಳಿಗೆ ಕಾಲುಚೀಲ ಹಾಕಿಕೊಳ್ಳಿ. ನೋಡಿಕೊಳ್ಳುವ ಹೆಂಗಸಿನ ಮೇಲೆ ರೇಗಬೇಡಿ, ಅಂಥವರು ಹುಡುಕಿದರೂ ಸಿಗುವುದಿಲ್ಲ. ಗುಬ್ಬಿ ನಿಮಗೆ ಮುತ್ತು ಕಳಿಸಿದ್ದಾಳೆ. ನನ್ನ ನಮಸ್ಕಾರ.

ಕೋರ್ಟು ಏನೇ ಬರೆದಿರಲಿ,
ನಿಮ್ಮ ಸೊಸೆ

ಮರೆತಿದ್ದೆ: ಕೋರ್ಟಿಗೆ ನಾನು ಉತ್ತರ ಕೊಡಲು ಹದಿನಾರನೇ ತಾರೀಕಿನವರೆಗೆ ಸಮಯವಿದೆ. ನಾನು ನಿಮಗೆ ಕಳಿಸಿದ ದುಡ್ಡಿನ ರಸೀದಿಗಳನ್ನು ಕೊಟ್ಟರೆ ಅವರು ಬರೆದದ್ದು ಸುಳ್ಳೆಂದು ಕೋರ್ಟಿಗೆ ಗೊತ್ತಾಗುತ್ತದೆ, ನಿಮ್ಮ ಸಹಿಯ ಬಗ್ಗೆಯೂ ಕೇಳುತ್ತಾರೆ. ಕೊಡದಿದ್ದರೆ ಗುಬ್ಬಿಯ ಟೀಚರನ್ನು ಬಿಡಿಸಬೇಕು. ಭಾಷೆ ತೆಗೆದುಕೊಂಡವರು ನೀವು, ಅದರಿಂದ ನನ್ನನ್ನು ಬಿಡಿಸಬೇಕಾದವರೂ ನೀವೇ. ಒಂದು ಸಾಲು ಬರೆಯಿರಿ. ಬೇಡ ಎಂದರೂ ಒಂದನೇ ತಾರೀಕಿಗೆ ನಿಮ್ಮ ಔಷಧಿಯ ದುಡ್ಡು ಬಂದೇ ಬರುತ್ತದೆ. ಅದು ನಿಲ್ಲುತ್ತದೆ ಎಂಬ ಭಯಕ್ಕೆ ಮಾತ್ರ ಹೂಂ ಎನ್ನಬೇಡಿ.