ದೀಪದ ಮನೆಗೆ ಎಳ್ಳು ಬೀರಿದ್ದು

ಪ್ರೀತಿಯ ಕಮಲಾ ಆಂಟಿ,

ಮೊದಲ ಸಲ ನೀವು ನನ್ನನ್ನು ನಿಮ್ಮ ಕಾರಿಗೆ ಹತ್ತಿಸಿಕೊಂಡ ದಿನ ನೆನಪಿದೆಯೇ? ನಾನು ಊರು ಬಿಟ್ಟು ಈ ಪರದೇಶದ ಸ್ಟರ್ಲಿಂಗಿಗೆ ಬಂದು ಮೂರು ತಿಂಗಳಾಗಿತ್ತು. ಇವರು ಬೆಳಿಗ್ಗೆ ಆಫೀಸಿಗೆ ಹೋದರೆ ಮಾತಿಗೆ ಸಿಗುತ್ತಿದ್ದುದು ಟಿವಿ ಒಂದೇ. “ಹೀಗೆ ಕೂತ್ರೆ ಮಾತೇ ಮರ್ತುಹೋಗತ್ತೆ ಕಣಮ್ಮ. ಬಾ, ಗಿಫ್ಟ್ ಪ್ಯಾಕ್ ಮಾಡೋಕೆ ಇನ್ನೊಂದು ಜೊತೆ ಕೈ ಬೇಕು” ಎಂದು ಫೇರ್‌ಫ್ಯಾಕ್ಸಿನಲ್ಲಿ ನೀವು ಕೆಲಸ ಮಾಡುತ್ತಿದ್ದ ಲೈಬ್ರರಿಗೆ ಕರೆದೊಯ್ದಿರಿ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ, ಆದ್ದರಿಂದ ನಿಮ್ಮ ಡ್ರೈವಿಂಗ್ ವಿಚಾರ ಎತ್ತುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದಷ್ಟೂ ನೀವು ನಿಧಾನ ಮಾಡುತ್ತಿದ್ದಿರಿ ಎಂದಷ್ಟೇ ಹೇಳಿ ಬಿಟ್ಟುಬಿಡುತ್ತೇನೆ.

ಲೈಬ್ರರಿಯ ನೆಲಮಾಳಿಗೆಯಲ್ಲಿ ಕೆಂಪು ಕಾಗದ ಕತ್ತರಿಸುತ್ತಾ ನೀವು ಹೇಳಿದಿರಿ: ನಾರ್ತ್ ಕೆರೊಲಿನಾದ ಕಡಲಲ್ಲಿ ಒಂದು ದ್ವೀಪ, ದ್ವೀಪದಲ್ಲಿ ಒಂದು ಲೈಟ್‌ಹೌಸ್, ಅದರ ಬುಡದಲ್ಲಿ ಒಂದೇ ಒಂದು ಮನೆ. ಅಂಗಡಿಯಿಲ್ಲ, ನೆರೆಹೊರೆಯಿಲ್ಲ. ಅಲ್ಲಿ ಡ್ಯೂಟಿಗೆ ಇರುವ ಸಂಸಾರಕ್ಕೆ ಪ್ರತಿ ಕ್ರಿಸ್‌ಮಸ್‌ಗೂ ದೋಣಿಯಲ್ಲಿ ಉಡುಗೊರೆ ಒಯ್ಯುವುದು ನಿಮ್ಮ ಲೈಬ್ರರಿಯವರ ವಾಡಿಕೆ. ಅವರ ಹಬ್ಬಕ್ಕೆ ಮೈಸೂರಿನ ನಿಮಗೇಕೆ ಇಷ್ಟು ಉತ್ಸಾಹ ಎಂದು ಕೇಳಿದೆ. “ಹಬ್ಬದ ದಿನ ಮನೆಗೆ ಯಾರೂ ಬರ್ಲಿಲ್ಲ ಅಂದ್ರೆ ನಮ್ಮತ್ತೆಗೆ ಮಾಡಿದ ಅಡುಗೆ ರುಚಿಸ್ತಾನೇ ಇರ್ಲಿಲ್ಲ. ಅವ್ರಿಗೂ ಹಂಗೇ ಅಲ್ವಾ?” ಎಂದಿರಿ. ಆಗ ನನಗೆ ಅಳು ಬಂದಿತ್ತು, ಟೇಪ್ ಹುಡುಕುವ ನೆಪದಲ್ಲಿ ಬಗ್ಗಿಕೊಂಡೆ.

ಆ ಡಿಸೆಂಬರಿನಲ್ಲಿ ಬಿರುಗಾಳಿ ಎದ್ದು ದೋಣಿ ಹೊರಡಲೇ ಇಲ್ಲ. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷವೂ ಕಳೆಯಿತು. ಪೋಸ್ಟಿನಲ್ಲಿ ಕಳಿಸಿದರಾಯಿತು ಎಂದು ಎಲ್ಲರೂ ತೀರ್ಮಾನಿಸಿದಾಗ ನೀವೊಬ್ಬರೇ ಒಪ್ಪಲಿಲ್ಲ. ಆ ಮನೆಯಲ್ಲಿ ಆರು ವರ್ಷದ ಮಗುವಿದೆ, ನಮ್ಮನ್ನು ಎಲ್ಲರೂ ಮರೆತರು ಎಂದು ಅದಕ್ಕೆ ಅನ್ನಿಸಬಾರದು, ಅಷ್ಟೇ ನಿಮ್ಮ ಹಟ. “ಎಳ್ಳನ್ನ ಮನೆಮನೆಗೆ ಹೋಗಿ ಬೀರ್ತೀವಿ, ಪೋಸ್ಟ್ ಮಾಡ್ತೀವಾ? ದೀಪ ಬೆಳಕು ಬೀರತ್ತೆ ಅಂತೀವಿ, ಅದಕ್ಕೂ ಅದೇ ಮಾತು ನೋಡು” ಎಂದು ನನಗೆ ಪಾಠ ಮಾಡಿದಿರಿ. ಫೋನ್ ಮಾಡಿದಾಗಲೆಲ್ಲ ಆಗುವುದಿಲ್ಲ ಎನ್ನುತ್ತಿದ್ದ ದೋಣಿಯವನು ಜನವರಿಯಲ್ಲಿ ಒಂದು ದಿನ ತಾನೇ ಫೋನ್ ಮಾಡಿ, ನಾಡಿದ್ದು ಹೇಗೂ ಅಲ್ಲಿಗೆ ಹೋಗುವುದಿದೆ, ಬರುವುದಾದರೆ ಬನ್ನಿ ಎಂದ. ಕ್ಯಾಲೆಂಡರ್ ನೋಡಿದರೆ ಅಂದು ಸಂಕ್ರಾಂತಿ. ನಿಮ್ಮನ್ನು ಹಿಡಿಯುವವರು ಯಾರು?

ಮುನ್ನಾದಿನವೇ ಹೊರಟ ನಿಮ್ಮ ಕಾರು ರಿಚ್ಮಂಡ್ ದಾಟಿದ ಮೇಲೂ ನಾನು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೊಬ್ಬರಿ ಹೆಚ್ಚುತ್ತಲೇ ಇದ್ದೆ. ಮರುದಿನ ದೋಣಿಯಲ್ಲಿ ನೀವು ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟು, ಉಡುಗೊರೆಯ ಡಬ್ಬಗಳ ನಡುವೆ ಮದುವೆಮನೆಯ ಬೀಗಿತ್ತಿಯ ಗತ್ತಿನಲ್ಲಿ ಕೂತಿದ್ದಿರಿ. ನಾನು ವಾಂತಿ ಮಾಡುತ್ತಿದ್ದೆ. “ಆಯ್ತು, ಬಂದೇ ಬಿಡ್ತು” ಎಂದು ಮುಕ್ಕಾಲು ಗಂಟೆ ಸುಳ್ಳು ಹೇಳಿದಿರಲ್ಲ, ಅದಕ್ಕೆ ನಿಮ್ಮನ್ನು ಈಗಲೂ ಕ್ಷಮಿಸಿಲ್ಲ.

ಬಾಗಿಲು ತೆಗೆದ ಮನೆಯಾಕೆ ಡೆನಿಸ್‌ಳ ಮುಖ ಕಣ್ಣಿಗೆ ಕಟ್ಟಿದೆ. ಗಂಡ ಡ್ಯೂಟಿಯಲ್ಲಿದ್ದ. ಮಗಳು ಮಾಲಿ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಡೆನಿಸ್ ಹೇಳಿದಳು: “ಸಾಂಟಾ ದೋಣಿಯಲ್ಲಿ ಬರುತ್ತಾನೆ ಎಂದು ನಾನು ಮಾತು ಕೊಟ್ಟಿದ್ದೆ, ಬರಲಿಲ್ಲ, ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.” ನೀವು ಡಬ್ಬಗಳನ್ನು ಪಕ್ಕಕ್ಕಿಟ್ಟು ಎಳ್ಳು ಬೆಲ್ಲದ ಪೊಟ್ಟಣ ಬಿಚ್ಚಿದಿರಿ. ಮಗುವಿನ ಮುಂದೆ ಮಂಡಿಯೂರಿ, ಒಳ್ಳೆ ಮಾತಾಡು ಅನ್ನುವುದನ್ನು ಇದ್ದಹಾಗೆ ಇಂಗ್ಲಿಷಿಗಿಳಿಸಿದಿರಿ: “ಈಟ್ ದಿಸ್ ಅಂಡ್ ಸ್ಪೀಕ್ ಗುಡ್.” ನಮಗೆ ಅದು ವರ್ಷವರ್ಷವೂ ಆಡಿ ಸವೆದ ಮಾತು. ಆ ಮಗುವಿಗೆ ಅಪ್ಪಣೆ. “ಯಾರ ಹತ್ತಿರ?” ಎಂದು ಕೇಳಿತು. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಕೈ ತೋರಿಸಿದಿರಿ.

ಮಾಲಿ ಅಗಿದಳು, ಅಗಿದಳು... ಅಷ್ಟು ಹೊತ್ತು ಯಾರಾದರೂ ಎಳ್ಳು ತಿನ್ನುತ್ತಾರೆಯೇ? ಕೊನೆಗೆ ಅಮ್ಮನ ಕಡೆ ತಿರುಗಿ, “ನಿನ್ನ ಪ್ಯಾನ್‌ಕೇಕ್ ನನಗಿಷ್ಟ. ಸೀದುಹೋಗಿದ್ರೂ ಇಷ್ಟ” ಎಂದಳು. ಡೆನಿಸ್ ಬಂದು ಮಗಳನ್ನು ಅಪ್ಪಿಕೊಂಡಳು. ನೀವು ಏನೂ ಆಗಿಲ್ಲವೆಂಬಂತೆ ಕಬ್ಬಿನ ತುಂಡುಗಳನ್ನು ಟೇಬಲ್ಲಿನ ಮೇಲೆ ಜೋಡಿಸತೊಡಗಿದಿರಿ. ಆ ಗಳಿಗೆಯಲ್ಲಿ ನಿಮ್ಮ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಒಂದು ದಿನವೂ ನಿಮಗೆ ಹೇಳಲಿಲ್ಲ. ಆಸ್ಪತ್ರೆಯಲ್ಲಾದರೂ ಹೇಳಬಹುದಿತ್ತು. ಹೇಳೋಣವೆಂದೇ ಬಂದಿದ್ದೆ, ನೀವು ನನ್ನ ಊಟ ವಿಚಾರಿಸಲು ಶುರುಮಾಡಿದಿರಿ, ಆಮೇಲೆ...

ಹೋದ ವಾರ ಲೈಬ್ರರಿಯವರು ಕರೆದು ಒಂದು ಕಾಗದ ಕೊಟ್ಟರು. ನಿಮ್ಮ ಹೆಸರಿಗೆ ಡೆನಿಸ್ ಬರೆದದ್ದು. ನೀವು ಹೋಗಿ ಎರಡು ತಿಂಗಳಾಯಿತೆಂದು ಅವಳಿಗೆ ಗೊತ್ತಿಲ್ಲ. ಗಂಡನಿಗೆ ವರ್ಗವಾಗಿ ಮೂವರೂ ಈಗ ವಿಲ್ಮಿಂಗ್ಟನ್ನಿನಲ್ಲಿದ್ದಾರೆ, ಮಾಲಿ ಶಾಲೆಗೆ ಹೋಗುತ್ತಿದ್ದಾಳೆ. ಹೊಸ ಊರಿನಲ್ಲಿ ಇನ್ನೂ ಯಾರ ಪರಿಚಯವೂ ಆಗಿಲ್ಲವಂತೆ. ನಿಮ್ಮ ವಿಷಯ ಕಾಗದದಲ್ಲಿ ತಿಳಿಸಲು ನನಗೆ ಮನಸ್ಸಾಗಲಿಲ್ಲ. ಈ ಸಂಕ್ರಾಂತಿಗೆ ನಾನೇ ಹೋಗಿ ಹೇಳುತ್ತೇನೆ. ಲೈಸೆನ್ಸ್ ತೆಗೆದುಕೊಂಡಿದ್ದೇನೆ, ಭಯಪಡಬೇಡಿ, ನಿಧಾನ ಹೋಗುವವರ ಬಲಗಡೆಯ ಲೇನಿನಲ್ಲೇ ಹೋಗುತ್ತೇನೆ.

ಕಾಗದದ ಕೊನೆಯಲ್ಲಿ ಅವಳು ಬರೆದಿದ್ದನ್ನು ನೀವು ಓದಬೇಕಿತ್ತು ಆಂಟಿ. ಆ ದಿನ ದೋಣಿಯನ್ನು ಕರೆಸಿದ್ದವಳು ಅವಳೇ. ಒಂಟಿತನ ತಾಳಲಾರದೆ, ಗಂಡನಿಗೆ ಚೀಟಿ ಬರೆದಿಟ್ಟು, ಮಗಳೊಂದಿಗೆ ಅಟ್ಲಾಂಟಾದ ತವರಿಗೆ ಹೊರಟಿದ್ದಳಂತೆ, ಮತ್ತೆ ಬರಬಾರದೆಂದೇ. ನಾವು ಎದ್ದು ದೋಣಿಯತ್ತ ಬಂದ ಮೇಲೆ ದೋಣಿಯವನು ಬಾಗಿಲಿಗೆ ಬಂದು, ಹೊರಡೋಣವೇ ಎಂದು ಕೇಳಿದಾಗ, ಇಲ್ಲ, ನೀನು ಹೋಗು ಎಂದು ತಲೆಯಾಡಿಸಿದಳಂತೆ. ವಾಪಸು ಬರುವಾಗ ನಮ್ಮ ಪಕ್ಕದಲ್ಲಿ ಖಾಲಿ ಇದ್ದವಲ್ಲ, ಆ ಎರಡು ಜಾಗ ಅವರಿಬ್ಬರದು.

ನಿಮ್ಮ
ಉಷಾ